ಮಾರಿಕುಪ್ಪಂ ವಿಳಾಸದ ಪುಸ್ತಕಗಳು

ಬಂಗಾರಪೇಟೆ ಜಂಕ್ಷನ್ನಿನಿಂದ ಕವಲೊಡೆದು ಮಾರಿಕುಪ್ಪಂನಲ್ಲಿ ಮುಗಿದುಹೋಗುವ ಹಳಿಯ ಉದ್ದ ಸುಮಾರು 16 ಕಿಲೋಮೀಟರ್. 1894ರಲ್ಲಿ ಕೋಲಾರದ ಚಿನ್ನದ ಗಣಿಗೆಂದೇ, ಅಂದರೆ ಕೆಜಿಎಫ್‌ಗೆಂದೇ, ಹಾಕಿದ್ದು. ಯಂತ್ರ, ಉರುವಲು, ಆಳುಗಳು ಒಳಗೆ ಹೋಗಬೇಕು, ಚಿನ್ನದ ಗಟ್ಟಿ ಹೊರಗೆ ಬರಬೇಕು, ಅಷ್ಟೇ ಅದರ ಕೆಲಸ. 2001ರ ಫೆಬ್ರವರಿ 28ಕ್ಕೆ ಗಣಿ ಮುಚ್ಚಿತು, ಹಳಿ ಮುಚ್ಚಲಿಲ್ಲ. ಅದು ಈಗ ಊರಿನ ದುಡಿಯುವ ಜನರನ್ನೇ ಹೊರಗೆ ಸಾಗಿಸುತ್ತದೆ. ಕತ್ತಲಿರುವಾಗಲೇ ಬುತ್ತಿ ಹಿಡಿದು ಬೆಂಗಳೂರಿಗೆ ಹೋದವರು ಮನೆ ಸೇರುವುದು ಮತ್ತೆ ಕತ್ತಲಾದ ಮೇಲೆ. ಅವರೆಲ್ಲ ಹೋದ ನಂತರ ಎದುರು ದಿಕ್ಕಿನ ಗಾಡಿಯಲ್ಲಿ ಕಿಟಕಿ ಪಕ್ಕದ ಸೀಟು ಧಾರಾಳವಾಗಿ ಸಿಗುತ್ತದೆ.

ನಾನು ಹೊರಟದ್ದು ಪುಸ್ತಕದ ಪೆಟ್ಟಿಗೆ ಹುಡುಕಿಕೊಂಡು. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಹಡ್ಸನ್ ಅಂತ ಒಂದು ಸಣ್ಣ ಊರು. ಅಲ್ಲಿನ ಟಾಡ್ ಬೋಲ್ ಎಂಬಾತ 2009ರಲ್ಲಿ ಹಳೇ ಗ್ಯಾರೇಜ್ ಬಾಗಿಲಿನ ಹಲಗೆ ಕತ್ತರಿಸಿ, ಒಂದೇ ಕೋಣೆಯ ಶಾಲೆಯಂಥ ಪುಟ್ಟ ಗೂಡು ಮಾಡಿ, ಅಂಗಳದಲ್ಲಿ ಕಂಬ ನೆಟ್ಟು ಕೂರಿಸಿದ. ಶಿಕ್ಷಕಿಯಾಗಿದ್ದ ತಾಯಿಯ ನೆನಪಿಗೆ. ಒಳಗೆ ಪುಸ್ತಕ. ಬೇಕಾದವರು ಒಯ್ಯಬಹುದು, ಇದ್ದವರು ಇಡಬಹುದು, ಕೇಳುವವರಿಲ್ಲ. ರಿಕ್ ಬ್ರೂಕ್ಸ್ ಎಂಬ ಗೆಳೆಯ ಜೊತೆಗೂಡಿದ. ಉಕ್ಕಿನ ದೊರೆ ಆಂಡ್ರ್ಯೂ ಕಾರ್ನೆಗಿ ಕಟ್ಟಿಸಿದ ಗ್ರಂಥಾಲಯಗಳು 2,509, ನಾವು ಅದಕ್ಕಿಂತ ಒಂದಾದರೂ ಹೆಚ್ಚು ಮಾಡೋಣ ಎಂದು ಇಬ್ಬರೂ ಪಣ ತೊಟ್ಟರು. ಮೂರೇ ವರ್ಷದಲ್ಲಿ ಆ ಗುರಿ ದಾಟಿತು. ಬೋಲ್ 2018ರಲ್ಲಿ ತೀರಿಕೊಂಡ. ಇವತ್ತು ನೂರಕ್ಕೂ ಹೆಚ್ಚು ದೇಶಗಳಲ್ಲಿ ಅಂಥ ಗೂಡುಗಳಿವೆ, ಲೆಕ್ಕ ಒಂದೂವರೆ ಲಕ್ಷ ದಾಟಿದೆ. ಸಂಜೆ ನಡೆಯಲು ಹೊರಟು ಬೀದಿ ಬೀದಿಯ ಗೂಡು ಇಣುಕುವುದು ಅಲ್ಲಿನ ಜನಕ್ಕೆ ಒಂದು ಹವ್ಯಾಸವೇ ಆಗಿಬಿಟ್ಟಿದೆ. ನಮ್ಮಲ್ಲೂ ದಕ್ಷಿಣ ಕನ್ನಡದ ಪಂಚಾಯಿತಿಗಳು ಜನ ಸೇರುವ ಕಡೆ ‘ಪುಸ್ತಕ ಗೂಡು’ ಇಟ್ಟಿವೆ. ಕೋಲಾರದ ಗಣಿ ಸೀಮೆಯಲ್ಲಿ ಅದಕ್ಕೆ ಸಮನಾದದ್ದು ಏನಿರಬಹುದು, ಎಲ್ಲಿರಬಹುದು, ನಡೆದೇ ನೋಡೋಣ ಅನ್ನಿಸಿತ್ತು.

ಬಂಗಾರಪೇಟೆಯಲ್ಲಿ ಹೆಚ್ಚು ಹೊತ್ತು ನಿಲ್ಲಲಿಲ್ಲ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೌರಿಂಗ್‌ನ ಹೆಸರಲ್ಲಿ ಹುಟ್ಟಿದ ಪೇಟೆ ಇದು. ಹಳೆಯ ಕಡತಗಳಲ್ಲೆಲ್ಲ ಬೌರಿಂಗ್‌ಪೇಟೆ. ಈಗಿನವರಿಗೆ ಗೊತ್ತಿರುವುದು ಅದರ ಪಾನಿಪುರಿ. ಹಸಿರು ಬಣ್ಣದ ಸುಳಿವೇ ಇಲ್ಲದೆ ಬಾವಿ ನೀರಿನಷ್ಟು ತಿಳಿಯಾಗಿ ಕಾಣುವ ಆ ಪಾನಿ ನಾಲಿಗೆ ಮೇಲೆ ಬಿದ್ದ ಮೇಲೇ ತನ್ನ ಖಾರ ತೋರಿಸುವುದು. ಬೆಂಗಳೂರಿನ ಎಷ್ಟೋ ಗಾಡಿಗಳ ಮೇಲೆ ‘ಬಂಗಾರಪೇಟೆ’ ಎಂದು ಬರೆದಿರುತ್ತಾರೆ. ಊರೊಂದು ಬೋರ್ಡಾಗಿ ಹೀಗೆ ಹೊರಗೆ ತಿರುಗಾಡುವುದಕ್ಕೆ ಏನೂ ಅಭ್ಯಂತರವಿಲ್ಲ, ಆದರೆ ಪಕ್ಕದ ಮಾರಿಕುಪ್ಪಂನ ಹೆಸರು ಇದಕ್ಕಿಂತ ನೂರು ವರ್ಷ ಮೊದಲೇ ಹೊರಗೆ ತಿರುಗಾಡಿತ್ತು, ಪುಸ್ತಕಗಳ ಮೊದಲ ಪುಟದಲ್ಲಿ. ಅದು ಆಮೇಲೆ.

ಗಾಡಿ ಬೆಮೆಲ್ ನಗರ, ಕೋರಮಂಡಲ್, ಊರಿಗಾಂ, ಚಾಂಪಿಯನ್ ಎಂದು ಒಂದೊಂದೇ ನಿಲ್ದಾಣ ಮುಟ್ಟುತ್ತ ಸಾಗುತ್ತದೆ. ನಡುವೆ ಎಲ್ಲಿ ನೋಡಿದರೂ ನೆತ್ತಿ ಚಪ್ಪಟೆಯಾದ ಬೂದು ಗುಡ್ಡಗಳು. ಹೊಸಬರು ಬೆಟ್ಟ ಅಂದುಕೊಳ್ಳುತ್ತಾರೆ. ಊರಿನವರಿಗೆ ಅದು ಸೈನೈಡ್ ದಿಬ್ಬ. ಅದಿರು ಪುಡಿ ಮಾಡಿ, ಸೈನೈಡಿನಲ್ಲಿ ಚಿನ್ನ ಕರಗಿಸಿ ತೆಗೆದ ಮೇಲೆ ಉಳಿದ ಮಣ್ಣು. ಬೇಸಿಗೆ ಗಾಳಿ ಎದ್ದರೆ ಆ ಧೂಳು ಒಗೆದು ಹರವಿದ ಬಟ್ಟೆ ಮೇಲೂ ಮುಚ್ಚದ ಸಾರಿನ ಪಾತ್ರೆಯಲ್ಲೂ ಕೂರುತ್ತದೆ. ನೂರಿಪ್ಪತ್ತು ವರ್ಷದಲ್ಲಿ ಇಲ್ಲಿಂದ ಹೋದ ಚಿನ್ನ ಸುಮಾರು 800 ಟನ್. ದಿಬ್ಬ ಇಲ್ಲೇ ಉಳಿಯಿತು. ಅಂಥ 13 ದಿಬ್ಬಗಳಿಂದ ಅಳಿದುಳಿದ ಚಿನ್ನವನ್ನೂ ತೆಗೆಯುವ ಕೇಂದ್ರದ ಯೋಜನೆಗೆ 2024ರಲ್ಲಿ ರಾಜ್ಯ ಸಂಪುಟ ಒಪ್ಪಿಗೆ ಕೊಟ್ಟಿದೆ.

ಮಾರಿಕುಪ್ಪಂನಲ್ಲಿ ಇಳಿದು ಲೈನ್‌ಗಳ ಕಡೆ ನಡೆದೆ. ಗಣಿ ಕಾರ್ಮಿಕರ ಸಾಲುಮನೆಗೆ ಇಲ್ಲಿ ಲೈನ್ ಅನ್ನುತ್ತಾರೆ. ಮೊದಮೊದಲು ಅವು ಬಿದಿರ ತಟ್ಟಿಯ ಗುಡಿಸಲು. ಈಗ ಗೋಡೆ ಇವೆ, ಶೀಟು ಇವೆ, ಆದರೆ ಸಾಲು ಅದೇ, ಒಬ್ಬರ ಗೋಡೆಗೆ ಇನ್ನೊಬ್ಬರ ಗೋಡೆ. ಬಾಗಿಲು ತೆಗೆದರೆ ಬೀದಿ. ಕಾಂಪೌಂಡು ಅನ್ನುವ ವಸ್ತು ಇಲ್ಲ. ವಿಸ್ಕಾನ್ಸಿನ್ನಿನ ಗೂಡಿಗೆ ಮೊದಲು ಬೇಕಾದದ್ದು ಒಂದು ಅಂಗಳ, ಅದರ ಅಂಚಿನಲ್ಲಿ ಒಂದು ಕಂಬ, ‘ಇದು ನನ್ನದು, ನೀವೂ ಬಳಸಿ’ ಎಂದು ಹೇಳಬಲ್ಲ ಒಬ್ಬ ಮನೆಯೊಡೆಯ. ಇಲ್ಲಿ ಮನೆಯೇ ಕಂಪನಿಯದು. ಗಣಿ ಮುಚ್ಚಿದ ಮೇಲೂ ಮನೆ ಯಾರದು ಎಂಬ ತಗಾದೆ ವರ್ಷಗಟ್ಟಲೆ ಎಳೆಯಿತು. ಅಂಥ ಕಡೆ ಒಬ್ಬನ ಉದಾರತೆಯಿಂದ ಪುಸ್ತಕ ಬೀದಿಗೆ ಬರುವುದಿಲ್ಲ. ಬಂದಿದ್ದರೆ ಹತ್ತಾರು ಜನ ಕಾಸು ಕೂಡಿಸಿದ ಸಂಘದಿಂದ ಬಂದಿರಬೇಕು.

ಬಂದದ್ದೂ ಹಾಗೆಯೇ.

ಮದ್ರಾಸಿನ ರಾಯಪೇಟೆಯಲ್ಲಿ ಪಂಡಿತ ಅಯೋತಿದಾಸರ್ ಎಂಬ ಸಿದ್ಧವೈದ್ಯರಿದ್ದರು. ಹುಟ್ಟಿನಿಂದ ಅಸ್ಪೃಶ್ಯರೆನಿಸಿಕೊಂಡವರು, ವಿದ್ಯೆಯಿಂದ ಪಂಡಿತರು. ನಾವು ಮೂಲದಲ್ಲಿ ಬೌದ್ಧರು, ಜಾತಿಯ ಕಳಂಕ ಆಮೇಲೆ ಅಂಟಿಸಿದ್ದು ಎನ್ನುವುದು ಅವರ ವಾದ. ಥಿಯೊಸಾಫಿಕಲ್ ಸೊಸೈಟಿಯ ಕರ್ನಲ್ ಆಲ್ಕಾಟ್ ನೆರವಿನಿಂದ 1898ರಲ್ಲಿ ಸಿಲೋನಿಗೆ ಹೋಗಿ ಬೌದ್ಧ ದೀಕ್ಷೆ ಪಡೆದು ಬಂದು ಶಾಕ್ಯ ಬೌದ್ಧ ಸಂಘ ಕಟ್ಟಿದರು. 1907ರ ಜೂನ್‌ನಲ್ಲಿ ವಾರಪತ್ರಿಕೆಯೊಂದನ್ನು ಶುರು ಮಾಡಿದರು. ಬೆಲೆ ಒಂದು ಪೈಸೆ, ಅಂದರೆ ಕಾಲಾಣೆ. ಹೆಸರೂ ‘ಒರು ಪೈಸಾ ತಮಿಳನ್’. ವರ್ಷ ಕಳೆದ ಮೇಲೆ ಬರೀ ‘ತಮಿಳನ್’ ಆಯಿತು. ಓದುಗರು ಪ್ರಶ್ನೆ ಬರೆದು ಕಳಿಸುತ್ತಿದ್ದರು, ಪಂಡಿತರು ಉತ್ತರವನ್ನು ಅಚ್ಚು ಹಾಕುತ್ತಿದ್ದರು.

ಆ ಪತ್ರಿಕೆಗೆ ಗಟ್ಟಿ ನೆಲೆ ಸಿಕ್ಕಿದ್ದು ಇಲ್ಲಿ, ಮಾರಿಕುಪ್ಪಂ ಮತ್ತು ಚಾಂಪಿಯನ್ ರೀಫ್ಸ್‌ನಲ್ಲಿ. ಗಣಿಗೆ ಇಳಿಯುತ್ತಿದ್ದವರಲ್ಲಿ ಬಹುಪಾಲು ಉತ್ತರ ಆರ್ಕಾಟು, ಚಿತ್ತೂರು ಕಡೆಯಿಂದ ಬಂದ ದಲಿತರು. ಹಳ್ಳಿಯಲ್ಲಿ ಊರಬಾವಿ ಮುಟ್ಟಲಾಗದವರು. ಇಲ್ಲಿ ನೆಲದಡಿ ಪ್ರಾಣಕ್ಕೆ ಖಾತರಿ ಇರಲಿಲ್ಲ, ಆದರೆ ತಿಂಗಳಿಗೆ ಕೈಗೆ ರೊಕ್ಕ ಬರುತ್ತಿತ್ತು, ಗೌಡನ ಮುಂದೆ ಕೈಕಟ್ಟಿ ನಿಲ್ಲುವ ಕೆಲಸವಿರಲಿಲ್ಲ. ಅವರು ಆ ರೊಕ್ಕದಲ್ಲಿ ಸಂಘದ ಶಾಖೆ ನಡೆಸಿದರು. ಪುಸ್ತಕವನ್ನೂ ಪ್ರಕಟಿಸಿದರು. ‘ಸಿದ್ಧಾರ್ಥ ಪುತ್ತಗಸಾಲೈ (ಪುಸ್ತಕಶಾಲೆ), ಮಾರಿಕುಪ್ಪಂ’ ಎಂಬ ವಿಳಾಸ ಅಯೋತಿದಾಸರ ಪುಸ್ತಕಗಳ ಮೇಲೆ ಅಚ್ಚಾಗಿದೆ. ಪಂಡಿತರು 1914ರಲ್ಲಿ ತೀರಿಹೋದರು, ಪತ್ರಿಕೆ ಕುಂಟುತ್ತ ನಿಂತೇಹೋಯಿತು. 1926ರಲ್ಲಿ ಅದಕ್ಕೆ ಮತ್ತೆ ಜೀವ ಕೊಟ್ಟದ್ದು ಮದ್ರಾಸಲ್ಲ, ಕೆಜಿಎಫ್. ಜಿ. ಅಪ್ಪಾದುರೈಯಾರ್ ಸಂಪಾದಕರಾಗಿ 1930ರ ದಶಕದಲ್ಲೂ ಅದನ್ನು ಇಲ್ಲಿಂದಲೇ ಹೊರಡಿಸಿದರು. ಈ ಇಡೀ ಚಳವಳಿಯನ್ನು ಜಿ. ಅಲೋಷಿಯಸ್ 1998ರ ತಮ್ಮ ಪುಸ್ತಕದಲ್ಲಿ ವಿಸ್ತಾರವಾಗಿ ದಾಖಲಿಸಿದ್ದಾರೆ. ಕನ್ನಡದಲ್ಲಿ ಗಣಿಯ ಬಗ್ಗೆ ಬರೆಯುವವರು ಚಿನ್ನವನ್ನೂ ರೌಡಿಗಳನ್ನೂ ಬಿಟ್ಟು ಈ ಕಡೆ ಹೊರಳಿ ನೋಡಿದ್ದು ಕಡಿಮೆ. ಸಿನಿಮಾದವರನ್ನು ದೂರಿ ಫಲವಿಲ್ಲ, ಅವರಿಗೆ ಕೊಡಲಿ ಬೇಕು, ಅಚ್ಚಿನ ಮೊಳೆ ಏಕೆ ಬೇಕು?

ಆ ಕಾಲದ ಮತ್ತೊಂದು ಸಂಗತಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 1930ರಲ್ಲಿ ಕಂಪನಿ ಹೊಸ ಕಟ್ಟಳೆ ತಂದಿತು: ಕಾರ್ಮಿಕರು ಬೆರಳಚ್ಚು ಕೊಟ್ಟು ನೋಂದಾಯಿಸಿಕೊಳ್ಳಬೇಕು. ಕಳ್ಳರಿಗೆ ಮಾಡುವುದನ್ನು ನಮಗೇಕೆ ಮಾಡುತ್ತೀರಿ ಎಂದು ಜನ ತಿರುಗಿಬಿದ್ದರು. ವಾರಗಟ್ಟಲೆ ಮುಷ್ಕರ ನಡೆಯಿತು. ಚರಿತ್ರೆಕಾರ್ತಿ ಜಾನಕಿ ನಾಯರ್ ಮೈಸೂರು ಸಂಸ್ಥಾನದ ಗಣಿ ಮತ್ತು ಗಿರಣಿ ಕಾರ್ಮಿಕರ ಬಗ್ಗೆ ಬರೆದ ಪುಸ್ತಕದಲ್ಲಿ ಇದು ಬರುತ್ತದೆ. ಹೆಬ್ಬೆಟ್ಟು ಕೊಡಿ ಎಂದು ಕಂಪನಿ ಕೇಳಿದ್ದು ಯಾರನ್ನು? ತಮ್ಮದೇ ಪತ್ರಿಕೆಯನ್ನು ಅಚ್ಚು ಹಾಕಿಸಿ ಓದುತ್ತಿದ್ದ ಊರಿನವರನ್ನು. ಎಲ್ಲರಿಗೂ ಓದು ಬರುತ್ತಿರಲಿಲ್ಲ, ನಿಜ. ಬಾರದವರಿಗೆ ಬಂದವರು ಓದಿ ಹೇಳುವುದು ದಕ್ಷಿಣದ ಟೀ ಅಂಗಡಿ, ಸೆಲೂನುಗಳಲ್ಲಿ ಎಲ್ಲ ಕಡೆ ಇದ್ದ ರೂಢಿ. ಒಂದು ಪೈಸೆಯ ಪತ್ರಿಕೆ ಒಂದು ಲೈನಿಗೆ ಸಾಕಾಗುತ್ತದೆ.

ಚಾಂಪಿಯನ್ ರೀಫ್ಸ್ ಕಡೆಗೆ ಏರುದಾರಿ. ತುಕ್ಕು ಹಿಡಿದ ಶಾಫ್ಟಿನ ಕಬ್ಬಿಣದ ಚೌಕಟ್ಟು ದೂರದಿಂದಲೇ ಕಾಣಿಸುತ್ತದೆ. ಇಲ್ಲಿ ನೆಲ ಮೂರು ಕಿಲೋಮೀಟರಿಗಿಂತ ಆಳಕ್ಕೆ ಟೊಳ್ಳು. ನನ್ನ ಕಾಲಡಿಯ ಆ ಆಳವನ್ನು ನೆನೆದರೆ ನಡಿಗೆ ತಂತಾನೇ ನಿಧಾನವಾಗುತ್ತದೆ. ಆಳಕ್ಕಿಳಿದಂತೆ ಬಂಡೆಯೇ ಸುಡುತ್ತದೆ. ಅಲ್ಲಿ ಕೆಲಸ ಮಾಡಲು ಗಾಳಿಯನ್ನು ತಂಪು ಮಾಡಿ ಕೆಳಗೆ ತಳ್ಳಬೇಕಾಗಿತ್ತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಕರೆಂಟು ತಂದದ್ದೂ ಈ ಯಂತ್ರಗಳಿಗಾಗಿ. ಬೆಂಗಳೂರಿನ ಬೀದಿಗೆ ವಿದ್ಯುತ್ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ.

ಇದೇ ಚಾಂಪಿಯನ್ ರೀಫ್ ಗಣಿಯ ಹೀತ್‌ಕೋಟ್ ಶಾಫ್ಟಿನ ಆಳದಲ್ಲಿ, ಎರಡು ಕಿಲೋಮೀಟರಿಗೂ ಕೆಳಗೆ, 1965ರಲ್ಲಿ ವಿಜ್ಞಾನಿಗಳು ಕಾದು ಕುಳಿತಿದ್ದರು. ಮುಂಬಯಿಯ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆ, ಇಂಗ್ಲೆಂಡಿನ ಡರ್ಹಾಂ, ಜಪಾನಿನ ಒಸಾಕಾ ವಿಶ್ವವಿದ್ಯಾಲಯಗಳು, ಮೂರೂ ಕೂಡಿದ ಪ್ರಯೋಗ. ಎಂ.ಜಿ.ಕೆ. ಮೆನನ್, ಬಿ.ವಿ. ಶ್ರೀಕಂಠನ್ ಮುಂತಾದವರು ಹುಡುಕುತ್ತಿದ್ದದ್ದು ನ್ಯೂಟ್ರಿನೊ ಎಂಬ ಕಣ. ಅದು ಇಡೀ ಭೂಮಿಯನ್ನೇ ಹಾದು ಹೋಗುತ್ತದೆ, ಸುಳಿವು ಕೊಡುವುದು ಅಪರೂಪ. ಮೇಲಿನಿಂದ ಸುರಿಯುವ ಬೇರೆಲ್ಲ ಕಣಗಳ ಗದ್ದಲವನ್ನು ತಡೆಯಲು ಅಷ್ಟು ದಪ್ಪ ಬಂಡೆಯ ಮುಚ್ಚಳ ಬೇಕಿತ್ತು. ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೊಗಳ ಗುರುತು ಲೋಕದಲ್ಲಿ ಮೊದಲು ಸಿಕ್ಕ ಎರಡೇ ಜಾಗಗಳಲ್ಲಿ ಇದೊಂದು. ಇನ್ನೊಂದು ದಕ್ಷಿಣ ಆಫ್ರಿಕಾದ್ದು, ಅದೂ ಚಿನ್ನದ ಗಣಿಯೇ. ಹೀಗೆ ಕೋಲಾರ ಗಣಿಯ ಹೆಸರು ಭೌತವಿಜ್ಞಾನದ ಪತ್ರಿಕೆಗಳಲ್ಲೂ ಅಚ್ಚಾಯಿತು. ಒಂದೇ ಊರು, ಒಂದು ಕಡೆ ಬುದ್ಧನ ಬಗ್ಗೆ ಕಾಲಾಣೆಯ ಪತ್ರಿಕೆ, ಇನ್ನೊಂದು ಕಡೆ ಕಾಣದ ಕಣದ ಪ್ರಬಂಧ. ಎರಡರಲ್ಲೂ ಕೆಳಗೆ ಇಳಿದು ಹತ್ತಿ ಮಾಡಿದವರ ಬೆವರಿತ್ತು. ಆ ಪ್ರಯೋಗಶಾಲೆಗೆ ಸಾಮಾನು ಇಳಿಸಿದ್ದು ಇದೇ ಕಾರ್ಮಿಕರು ತಾನೇ?

ಊರಿಗಾಂ ಹತ್ತಿರವಾದಂತೆ ಬೀದಿಯ ಚಹರೆ ಬದಲಾಗುತ್ತದೆ. ಮರಗಳು ದೊಡ್ಡವು, ರಸ್ತೆ ಅಗಲ, ಬಂಗಲೆಗಳ ಸುತ್ತ ಬೇಲಿ, ಬೇಲಿಯೊಳಗೆ ಹೂದೋಟ. ಜಾನ್ ಟೇಲರ್ ಅಂಡ್ ಸನ್ಸ್ ಕಂಪನಿಯ ದೊರೆಗಳು ಇದ್ದ ಭಾಗ. ಲಿಟ್ಲ್ ಇಂಗ್ಲೆಂಡ್ ಎಂದು ಹೆಸರು ಬಂದದ್ದು ಇದಕ್ಕೆ. ಕ್ಲಬ್ಬು, ಗಾಲ್ಫ್ ಮೈದಾನ, ಇಗರ್ಜಿ ಎಲ್ಲ ಇವೆ. ಗೂಡು ನೆಡಲು ಹೇಳಿ ಮಾಡಿಸಿದಂಥ ಅಂಗಳಗಳು ಇಲ್ಲೇ ಇದ್ದವು. ಆದರೆ ಕ್ಲಬ್ಬಿನ ಓದು ಸದಸ್ಯರಿಗೆ. ಅಂಗಳ ಇದ್ದವರು ಪುಸ್ತಕವನ್ನು ಬೀದಿಗೆ ಇಡಲಿಲ್ಲ, ಅಂಗಳ ಇಲ್ಲದವರು ಪತ್ರಿಕೆಯನ್ನೇ ಬೀದಿಗೆ ತಂದರು. ನನ್ನ ನಡಿಗೆಯಲ್ಲಿ ಸ್ಪಷ್ಟವಾದ ಸಂಗತಿ ಇದೊಂದೇ ಅಂದರೂ ಸರಿ.

ರಾಬರ್ಟ್‌ಸನ್‌ಪೇಟೆ ಅಂಗಡಿ ಸಾಲಿನ ಊರು. ಎಂ.ಜಿ. ಮಾರ್ಕೆಟ್ಟಿನ ಸುತ್ತ ತಮಿಳು, ತೆಲುಗು, ಕನ್ನಡ, ಉರ್ದು ನಾಲ್ಕೂ ಒಂದೇ ವಾಕ್ಯದಲ್ಲಿ ನುಗ್ಗುತ್ತವೆ. ಬಾಳೆಹಣ್ಣಿನ ಚೌಕಾಸಿ ತೆಲುಗಿನಲ್ಲಿ ಶುರುವಾಗಿ ಕನ್ನಡದಲ್ಲಿ ಕುದುರುತ್ತದೆ. ಪುಸ್ತಕದ ಇನ್ನೊಂದು ನಂಟೂ ಈ ಗಣಿ ಸೀಮೆಗಿದೆ. ಮುಳಬಾಗಿಲಿನ ಡಿ.ವಿ. ಗುಂಡಪ್ಪನವರು ಮೆಟ್ರಿಕ್ ಪಾಸಾಗದೆ ಹೊಟ್ಟೆಪಾಡಿಗಾಗಿ ಕೆಲಕಾಲ ಕೆಜಿಎಫ್‌ನ ಸೋಡಾ ಕಾರ್ಖಾನೆಯಲ್ಲಿ ಕೆಲಸ ಮಾಡಿದ್ದರು. ಆಮೇಲೆ ಬೆಂಗಳೂರಿಗೆ ಹೋಗಿ ಪತ್ರಕರ್ತರಾದರು, 1945ರಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ ಕಟ್ಟಿದರು. ಬಸವನಗುಡಿಯಲ್ಲಿ ಅದರ ಓದುಕೋಣೆ ಇವತ್ತಿಗೂ ಓದುವವರಿಗೆ ತೆರೆದಿದೆ. ಸೋಡಾ ಗಾಜಿನ ಸದ್ದಿನಲ್ಲಿ ಬೆಳೆದ ಪುಸ್ತಕಪ್ರೀತಿ ಅಂತ ನಾನು ಹೇಳಿದರೆ ಅವರೇ ನಗುತ್ತಿದ್ದರೇನೋ.

ಸರ್ಕಾರದ ಗ್ರಂಥಾಲಯವನ್ನು ಹಗುರವಾಗಿ ಕಾಣುವುದು ಈಗ ಫ್ಯಾಷನ್. ನನಗೆ ಅದು ಒಪ್ಪಿಗೆಯಿಲ್ಲ. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯಿದೆಯಂತೆ ನಾವು ಕಟ್ಟುವ ಆಸ್ತಿ ತೆರಿಗೆಯ ಮೇಲೆ ಶೇಕಡಾ 6 ಗ್ರಂಥಾಲಯ ಕರ ಸೇರುತ್ತದೆ. ಮನೆ ಇದ್ದವನು ಅಂಗಳದಲ್ಲಿ ಗೂಡು ಇಡದಿದ್ದರೂ ಗೂಡಿನ ಖರ್ಚು ಕೊಟ್ಟೇ ಕೊಡುತ್ತಾನೆ. ಪೇಪರ್ ಓದಲು ಚೀಟಿ ಬೇಡ, ಚಂದಾ ಬೇಡ. ಬೆಳಿಗ್ಗೆ ಅಲ್ಲಿ ಕೂತವರಲ್ಲಿ ಕೆಲಸದ ಜಾಹೀರಾತು ಗುರುತು ಹಾಕಿಕೊಳ್ಳುವ ಹುಡುಗರು, ಪೊಲೀಸ್ ಪರೀಕ್ಷೆಗೆ ಓದುವವರು, ಮೊದಲ ಪುಟದಿಂದ ಕೊನೆಯ ಪುಟದ ಮುದ್ರಕರ ಹೆಸರಿನವರೆಗೂ ಬಿಡದೆ ಓದುವ ನಿವೃತ್ತರು. ಬಂಗಾರಪೇಟೆ ತಾಲ್ಲೂಕಿನ ಹಳ್ಳಿಗಳ ಕಡೆ ಹೋದರೆ ಪಂಚಾಯಿತಿ ಗ್ರಂಥಾಲಯಗಳ ಮೇಲೆ ಈಗ ‘ಅರಿವು ಕೇಂದ್ರ’ ಎಂಬ ಬೋರ್ಡು ಕಾಣುತ್ತದೆ. 2019ರಲ್ಲಿ ಅವು ಗ್ರಾಮೀಣಾಭಿವೃದ್ಧಿ ಇಲಾಖೆಯ ಕೈಗೆ ಬಂದವು, ಮರುವರ್ಷ ‘ಓದುವ ಬೆಳಕು’ ಎಂಬ ಕಾರ್ಯಕ್ರಮದಲ್ಲಿ ಮಕ್ಕಳಿಗೆ ಪುಕ್ಕಟೆ ಸದಸ್ಯತ್ವ ಕೊಟ್ಟರು. ಇಂಥದ್ದಕ್ಕೆ ವಿಸ್ಕಾನ್ಸಿನ್ ಬೇಕಿಲ್ಲ. ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ 1931ರಲ್ಲೇ ಎತ್ತಿನ ಗಾಡಿಯಲ್ಲಿ ಪುಸ್ತಕ ಹೇರಿ ಹಳ್ಳಿಗೆ ಕಳಿಸಿದ್ದರು, ಚಾಲನೆ ಕೊಟ್ಟವರು ಗ್ರಂಥಾಲಯ ತಜ್ಞ ಎಸ್.ಆರ್. ರಂಗನಾಥನ್. ಬರೋಡಾ ಸಂಸ್ಥಾನ ಅದಕ್ಕೂ ಮೊದಲು ಮರದ ಪೆಟ್ಟಿಗೆಯಲ್ಲಿ ಪುಸ್ತಕ ತುಂಬಿ ಊರೂರಿಗೆ ಕಳಿಸುತ್ತಿತ್ತು.

ಹಾಗಾದರೆ ಗೂಡು ಬೇಡವೇ? ಬೇಕು ಅನ್ನಿಸಿದ್ದು ಊರಿಗಾಂ ಸ್ಟೇಷನ್ನಿನಲ್ಲಿ. ಸಂಜೆ ಗಾಡಿ ಕಾಯುತ್ತ ಬೆಂಚಿನಲ್ಲಿ ಕೂತಿದ್ದೆ. ಪಕ್ಕದಲ್ಲಿ ಒಬ್ಬ ಹಿರಿಯರು, ಗಣಿಯಲ್ಲಿ ಟಿಂಬರಿಂಗ್ ಕೆಲಸ ಮಾಡಿದವರು. ಕೆಮ್ಮು ಮಧ್ಯೆ ಮಧ್ಯೆ ಮಾತನ್ನು ತಡೆಯುತ್ತಿತ್ತು. ನಾನು ಏನು ಹುಡುಕುತ್ತ ಬಂದೆ ಎಂದು ತಿಳಿದು ಅವರಿಗೆ ತಮಾಷೆ ಎನ್ನಿಸಿತು.

“ಪುಸ್ತಕದ ಪೆಟ್ಟಿಗೆ ನೋಡಕ್ಕೆ ಇಷ್ಟು ದೂರ ಬಂದ್ರಾ ಸಾರ್? ನಮ್ ಲೈನಲ್ಲಿ ಪಡಿಪ್ಪಗಂ ಇತ್ತು. ಒಂದು ರೂಮು, ಎರಡು ಬೆಂಚು, ನಾಲ್ಕು ಪೇಪರು. ಪಾರ್ಟಿಯೋರು ನಡೆಸೋರು. ನೈಟ್ ಶಿಫ್ಟ್ ಮುಗಿಸ್ಕೊಂಡು ಬಂದು ನಮ್ಮಪ್ಪ ಅಲ್ಲೇ ಕೂರೋರು, ನಾನು ಓದಬೇಕು. ತಪ್ಪು ಓದಿದ್ರೆ ತಲೆ ಮೇಲೆ ಒಂದು.”

“ಅಪ್ಪನಿಗೆ ಓದು ಬರ್ತಿತ್ತಾ?”

“ಬರ್ತಿರ್ಲಿಲ್ಲ. ಆದ್ರೂ ತಪ್ಪು ಗೊತ್ತಾಗ್ತಿತ್ತು ಸಾರ್ ಅವರಿಗೆ.”

ಗಾಡಿ ಇನ್ನೂ ಬಂದಿರಲಿಲ್ಲ. ಈ ಪ್ಲಾಟ್‌ಫಾರ್ಮಿನಲ್ಲೇ ಒಂದು ಗೂಡು ಇಟ್ಟರೆ ಹೇಗೆ ತಾತ ಎಂದು ಕೇಳಿದೆ. ಬೆಳಿಗ್ಗೆ ಗಾಡಿ ಹತ್ತುವವರು ಒಂದು ಪುಸ್ತಕ ತೆಗೆದುಕೊಂಡು ಹೋಗುವುದು, ಹೋಗಿ ಬರುವ ದಾರಿಯಲ್ಲಿ ಓದುವುದು, ರಾತ್ರಿ ಇಳಿದಾಗ ವಾಪಸ್ ಇಡುವುದು. ದಿನಕ್ಕೆ ಅಷ್ಟು ಗಂಟೆ ಹಳಿಯ ಮೇಲೆ ಕಳೆಯುವ ಜನ ಬೇರೆ ಯಾವ ಊರಲ್ಲಿ ಸಿಗುತ್ತಾರೆ?

ಅವರು ಸ್ವಲ್ಪ ಹೊತ್ತು ಲೆಕ್ಕ ಹಾಕಿದರು, ಗಣಿಯಲ್ಲಿ ದಿಮ್ಮಿ ನಿಲ್ಲಿಸುವ ಮುಂಚೆ ಹಾಕುತ್ತಿದ್ದ ಲೆಕ್ಕವೇ ಇರಬೇಕು.

“ಬೆಳಿಗ್ಗೆ ಯಾರೂ ಓದಲ್ಲ ಸಾರ್, ನಿದ್ದೆ ಮಾಡ್ತಾರೆ. ನನ್ ಮಗನೂ ಅಷ್ಟೇ. ಸಾಯಂಕಾಲ ಬರೋವಾಗ ಓದ್ತಾರೆ. ಅದಕ್ಕೆ ಪೆಟ್ಟಿಗೆ ಬೆಂಗಳೂರು ಸ್ಟೇಷನ್ನಲ್ಲೂ ಒಂದು ಇರಬೇಕು. ಮರದ್ದು ಮಾಡಿಸಬೇಡಿ, ಗೆದ್ದಲು ಹಿಡಿಯುತ್ತೆ. ತಗಡಿಂದು ಮಾಡಿಸಿ. ತಮಿಳು ಒಂದು ಅರೆ, ಕನ್ನಡ ಒಂದು ಅರೆ, ಇಂಗ್ಲಿಷ್ ಮಕ್ಕಳಿಗೆ ಕೆಳಗಡೆ. ಬೀಗ ಹಾಕ್ಬೇಡಿ, ಬೀಗ ಹಾಕಿದ್ರೆ ಒಳಗೇನೋ ಚಿನ್ನ ಇದೆ ಅಂದ್ಕೊಂಡು ಒಡೀತಾರೆ. ಬಾಗಿಲು ಮಾತ್ರ ದಿಬ್ಬದ ಕಡೆ ಇಡಬೇಡಿ.”